ಠಾಣೆ, ಲಾಠಿ, ನಂಬಿಕೆ: ಪೊಲೀಸರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ (ಬಿಎನ್‌ಎಸ್) ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ (ಬಿಎನ್‌ಎಸ್‌ಎಸ್) ಬಂದಿವೆ. ಕೆಳಗಿನ ಕಲಂಗಳೆಲ್ಲ ಹೊಸ ಸಂಖ್ಯೆಯವು. ಅರ್ಜಿ ಬರೆಯುವಾಗ ಹಳೆಯ ಸಂಖ್ಯೆ ಹಾಕಿದರೆ ವಾಪಸ್ ಕಳಿಸಲು ಅದೇ ಒಂದು ನೆಪವಾಗುತ್ತದೆ.

## ಠಾಣೆಯ ಬಾಗಿಲಲ್ಲಿ

ಜನಕ್ಕೆ ಪೊಲೀಸರ ಮೇಲೆ ನಂಬಿಕೆ ಯಾಕೆ ಹೋಯ್ತು? ಮೊದಲು ಇತ್ತಾ?

ತುಂಬಿ ತುಳುಕುವಷ್ಟು ಎಂದೂ ಇರಲಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಅದಕ್ಕೆ ಅವರಿಗೆ ಮಾದರಿಯಾದದ್ದು ಐರ್ಲೆಂಡನ್ನು ಹದ್ದುಬಸ್ತಿನಲ್ಲಿ ಇಡಲು ಕಟ್ಟಿದ್ದ ಸಶಸ್ತ್ರ ಪಡೆ. ಊರಿನ ಕಾವಲಿಗಿಂತ ಸರ್ಕಾರದ ಕಾವಲು ಮುಖ್ಯ ಎಂಬ ಲೆಕ್ಕದಲ್ಲಿ ಹುಟ್ಟಿದ ವ್ಯವಸ್ಥೆ ಅದು. ಕರ್ನಾಟಕ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡರೂ, ಮೇಲಿನವರಿಗೆ ಉತ್ತರ ಹೇಳಿದರೆ ಸಾಕು, ಎದುರು ನಿಂತವರಿಗೆ ಹೇಳಬೇಕಿಲ್ಲ ಎಂಬ ಹಳೇ ಅಭ್ಯಾಸ ಹೋಗಲಿಲ್ಲ.

ಹತ್ತಿರದ ಪೆಟ್ಟುಗಳೂ ಇವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, 2022ರಲ್ಲಿ ಅದು ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಕಾಯುವವರನ್ನು ಆರಿಸುವ ಬಾಗಿಲಲ್ಲೇ ಕಳ್ಳತನವಾಯಿತಲ್ಲ ಎಂದು ಓದಿ ತಯಾರಾಗಿದ್ದ ಹಳ್ಳಿ ಹುಡುಗರಿಗೆ ಆದ ನೋವು ಸಣ್ಣದಲ್ಲ. ಆದರೆ ನಂಬಿಕೆಯನ್ನು ದಿನವೂ ತಿನ್ನುವುದು ಹಗರಣಕ್ಕಿಂತ ಹೆಚ್ಚಾಗಿ "ಸಾಹೇಬ್ರು ರೌಂಡ್ಸ್‌ಗೆ ಹೋಗಿದಾರೆ, ಆಮೇಲೆ ಬನ್ನಿ" ಎಂಬ ಮಾತು.

ಠಾಣೆಗೆ ಹೋದ್ರ ಕಂಪ್ಲೇಂಟ್ ತಗೊಳ್ಳಂಗಿಲ್ಲ. ಏನ್ ಮಾಡೂದ್ರಿ?

ಬರಿಗೈಲಿ ಹೋಗಬೇಡಿ. ಮನೆಯಲ್ಲೇ ಕೂತು ದೂರು ಬರೆದು ಎರಡು ಪ್ರತಿ ಮಾಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನು ಮಾಡಿದರು, ನೋಡಿದವರು ಯಾರು, ಎಷ್ಟು ನಷ್ಟವಾಯಿತು ಎಂಬಷ್ಟೇ ಇರಲಿ. ಠಾಣೆಯಲ್ಲಿ ಅವರು ಹೇಳಿದಂತೆ ಬರೆಯಲು ಕೂತರೆ ಕಳುವಾದ ಹಣದ ಮೊತ್ತ, ಹಲ್ಲೆಗೆ ಬಳಸಿದ ಆಯುಧ, ಆರೋಪಿಯ ಹೆಸರು ಒಂದೊಂದಾಗಿ ಜಾರಿಹೋಗುತ್ತವೆ. ಪ್ರಕರಣ ಸಡಿಲವಾಗುವುದು ಅಲ್ಲೇ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಅಧಿಕಾರಿ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು.

ಸಂಜ್ಞೇಯ ಅಪರಾಧ (ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು) ಎಂದು ದೂರಿನಲ್ಲಿ ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಆದರೂ ತೆಗೆದುಕೊಳ್ಳದಿದ್ದರೆ ದೂರಿನ ಸಾರವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಕಮಿಷನರೇಟ್ ಇರುವ ಊರಾದರೆ ಡಿಸಿಪಿಗೆ ಕಳಿಸಿ. ಅಂಚೆ ರಸೀದಿ, ತಲುಪಿದ ದಾಖಲೆ ಎರಡನ್ನೂ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಬಿಎನ್‌ಎಸ್‌ಎಸ್ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಪ್ರಮಾಣಪತ್ರದ ಸಮೇತ ಅರ್ಜಿ ಹಾಕಬೇಕು. ಎಷ್ಟೋ ಅರ್ಜಿಗಳು ಇಲ್ಲಿ ಬಿದ್ದುಹೋಗುವುದು ಎಸ್‌ಪಿ ಮೆಟ್ಟಿಲನ್ನು ದಾಟಿ ನೇರ ಕೋರ್ಟಿಗೆ ಹೋದದ್ದಕ್ಕೆ. ಆ ಅಂಚೆ ರಸೀದಿಯೇ ನಿಮ್ಮ ಆಧಾರ.

ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಕೆಲವು ಅಪರಾಧಗಳಲ್ಲಿ ದೂರು ದಾಖಲಿಸದ ಅಧಿಕಾರಿಗೆ ಬಿಎನ್‌ಎಸ್ 199ರಡಿ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಸಜೆ ಇದೆ.

"ಹಿಂಬರಹ" ಅಂತ ಒಂದು ಕಾಗದ ಕೊಟ್ಟು ಕಳಿಸಿದ್ರು. ಅದೇ ಎಫ್‌ಐಆರಾ?

ಅಲ್ಲ. ಎಫ್‌ಐಆರ್‌ಗೆ ಠಾಣೆಯ ಅಪರಾಧ ಸಂಖ್ಯೆ, ವರ್ಷ, ಕಲಂಗಳು ಇರುತ್ತವೆ. ಹಿಂಬರಹದಲ್ಲಿ ಇರುವುದು "ನಿಮ್ಮ ಅರ್ಜಿ ಸ್ವೀಕರಿಸಿದೆ" ಅಥವಾ "ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಎಂಬಷ್ಟೇ. ಅಸಂಜ್ಞೇಯ ಅಪರಾಧವಾದರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡುತ್ತಾರೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಅದರಲ್ಲಿ ತನಿಖೆ ನಡೆಯುವುದಿಲ್ಲ. ಹೊಸ ಕಾನೂನಿನಲ್ಲಿ ಇನ್ನೊಂದು ದಾರಿ ತೆರೆದಿದೆ. 3 ವರ್ಷ ಅಥವಾ ಮೇಲ್ಪಟ್ಟು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಬಹುದು. "ವಿಚಾರಣೆ ನಡೀತಿದೆ" ಎಂದರೆ ಅನುಮತಿಯ ದಿನಾಂಕ ಕೇಳಿ, 15ನೇ ದಿನ ಹೋಗಿ ನಿಲ್ಲಿ. ಈ ಅವಧಿಯಲ್ಲೇ ರಾಜಿಗೆ ಒತ್ತಡ ಬರುವುದು ಹೆಚ್ಚು.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ದೂರಿಗೆ ಈ ಪ್ರಾಥಮಿಕ ವಿಚಾರಣೆಯ ನೆಪ ಸಲ್ಲದು. ಆ ಕಾಯ್ದೆಯ 18ಎ ಕಲಂ ಅದನ್ನು ನೇರವಾಗಿ ತಳ್ಳಿಹಾಕಿದೆ.

ಇದು ನಮ್ಮ ಲಿಮಿಟ್ಸ್ ಅಲ್ಲ ಅಂದ್ರು. ಎಲ್ಲಿಗೆ ಹೋಗ್ಬೇಕು?

ಎಲ್ಲಿಗೂ ಬೇಡ. ಘಟನೆ ಎಲ್ಲೇ ನಡೆದಿರಲಿ, ಎದುರಿನ ಠಾಣೆಯೇ ಶೂನ್ಯ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಬಿಎನ್‌ಎಸ್‌ಎಸ್ 173 ಇದನ್ನೇ ಹೇಳುತ್ತದೆ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ 3 ದಿನದೊಳಗೆ ಹೋಗಿ ಸಹಿ ಹಾಕಿ, ಇಲ್ಲದಿದ್ದರೆ ಅದು ಎಫ್‌ಐಆರ್ ಆಗುವುದಿಲ್ಲ.

ಠಾಣೆಗೆ ಬಾ ಅಂತ ಫೋನ್ ಬಂದಿದೆ. ಹೋಗ್ಲೇಬೇಕಾ?

ಯಾವ ವಿಷಯಕ್ಕೆ, ಸಾಕ್ಷಿಯಾಗಿಯೋ ಆಪಾದಿತರಾಗಿಯೋ ಎಂದು ಸೌಜನ್ಯದಿಂದಲೇ ಕೇಳಿ, ಲಿಖಿತ ನೋಟಿಸ್ ಕೊಡಲು ಹೇಳಿ. ಆಪಾದಿತರಿಗೆ ಬಿಎನ್‌ಎಸ್‌ಎಸ್ 35(3)ರ ನೋಟಿಸ್, ಸಾಕ್ಷಿಗಳಿಗೆ 179ರ ನೋಟಿಸ್. 35ರ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಜಾರಿಯಾದಂತೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಸಾಕ್ಷಿಯಾಗಿ ಕರೆದಾಗ ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಿಲ್ಲ. ಅವರಿದ್ದಲ್ಲಿಗೇ ಅಧಿಕಾರಿ ಬರಬೇಕು. ಸಂಜೆ ಆರರ ಮೇಲೆ ಠಾಣೆಯ ಬೆಂಚಿನ ಮೇಲೆ ಕೂತು ಕಾಯುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿರುವುದೇ ಇಲ್ಲ.

ಸರಿಯಾದ ನೋಟಿಸ್ ಬಂದ ಮೇಲೆ ಮಾತ್ರ ತಪ್ಪಿಸಬೇಡಿ. ಹೋಗದಿದ್ದರೆ ಅದೇ ದಸ್ತಗಿರಿಗೆ ಕಾರಣವಾಗುತ್ತದೆ.

ಟ್ರಾಫಿಕ್‌ನವರು ಗಾಡಿ ಕೀ ಕಿತ್ಕೊಳ್ಳಬಹುದಾ?

ಇಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಬಿದ್ದು ಪುಟ್ಟ ಮಗುವೊಂದು ಪ್ರಾಣ ಬಿಟ್ಟಿತು. ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಮಗು ಅದು. ಆಮೇಲೆ ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಸುತ್ತೋಲೆ ಹೊರಟಿತು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಕಾಗದ ನೋಡಲೆಂದೇ ವಾಹನ ತಡೆಯಬಾರದು, ಕೀ ಕಿತ್ತುಕೊಳ್ಳಬಾರದು. ದಂಡ ಕಟ್ಟಿದರೆ ಯಂತ್ರದ ರಸೀದಿ ಕೇಳಿ ಪಡೆಯಿರಿ.

## ದಸ್ತಗಿರಿ, ಲಾಕಪ್ಪು, ಲಂಚ

ನಮ್ಮ ಹುಡುಗನ್ನ ಎತ್ತಾಕ್ಕೊಂಡು ಹೋಗಿದಾರೆ, ಯಾವ ಠಾಣೆ ಅಂತಾನೂ ಗೊತ್ತಿಲ್ಲ. ಮೊದಲು ಏನು ಮಾಡಲಿ?

ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. 24 ಗಂಟೆಯ ಲೆಕ್ಕ ಶುರುವಾಗುವುದು ಠಾಣೆಯ ಪುಸ್ತಕದಲ್ಲಿ ಹೆಸರು ಬರೆದಾಗ ಅಲ್ಲ, ಹಿಡಿದ ಕ್ಷಣದಿಂದ. ಪ್ರಯಾಣದ ಹೊತ್ತು ಕಳೆದು ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಬಂದವರು ಮಫ್ತಿಯಲ್ಲಿದ್ದರೆ ವಾಹನದ ಸಂಖ್ಯೆ, ಬಣ್ಣ, ಅಕ್ಕಪಕ್ಕದ ಅಂಗಡಿಯ ಸಿಸಿಟಿವಿ ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಅಂಗಡಿ ಕ್ಯಾಮೆರಾಗಳಲ್ಲಿ ದೃಶ್ಯ ಕೆಲವೇ ದಿನ ಇರುತ್ತದೆ, ಹಾಗಾಗಿ ಅವತ್ತೇ ಕೇಳಿ.

112ಕ್ಕೆ ಕರೆ ಮಾಡಿ "ಇಂಥವರನ್ನು ಪೊಲೀಸರು ಎನ್ನುವವರು ಕರೆದೊಯ್ದಿದ್ದಾರೆ" ಎಂದು ಹೇಳಿ. ಕರೆಯ ಸಮಯ ದಾಖಲಾಗುತ್ತದೆ, ಮುಂದೆ ಅದೇ ಸಾಕ್ಷಿ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ದಸ್ತಗಿರಿ ಆದವರ ಮಾಹಿತಿ ಇಡಲು ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಇರಬೇಕು ಎಂದು ಬಿಎನ್‌ಎಸ್‌ಎಸ್ 37 ಹೇಳುತ್ತದೆ. ಆ ಅಧಿಕಾರಿ ಯಾರೆಂದು ಕೇಳಿ. ದಸ್ತಗಿರಿ ಪತ್ರಕ್ಕೆ ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಿರಬೇಕು. ದಸ್ತಗಿರಿಯ ಕಾರಣಗಳನ್ನು ಆಪಾದಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ತಡವಾದರೂ ರಿಮ್ಯಾಂಡಿಗೆ (ಕಸ್ಟಡಿಗೆ ಒಪ್ಪಿಸುವ ಆದೇಶಕ್ಕೆ) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ 2 ಗಂಟೆ ಮೊದಲು ಕೊಡಲೇಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿದೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಹಕ್ಕಿದೆ. 24 ಗಂಟೆ ಮೀರಿಯೂ ಸುಳಿವಿಲ್ಲದಿದ್ದರೆ ಬೆಂಗಳೂರು, ಧಾರವಾಡ, ಕಲಬುರಗಿ ಪೈಕಿ ನಿಮಗೆ ಸೇರಿದ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವುದು) ಹಾಕಿಸಿ. ಅರ್ಜಿ ಬಂತೆಂದು ತಿಳಿದೊಡನೆ ಹುಡುಗ ಮನೆಗೆ ಬಂದುಬಿಡುವುದೂ ಉಂಟು.

ಕೈಗೆ ಕೋಳ ಹಾಕಿ ಬೀದೀಲಿ ನಡೆಸ್ಕೊಂಡು ಹೋದ್ರು. ಅದು ಸರೀನಾ?

ಬಿಎನ್‌ಎಸ್‌ಎಸ್ 43(3) ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಅಪರಾಧಗಳಿಗೆ, ರೂಢಿಗತ ಅಪರಾಧಿಗಳಿಗೆ, ಕಸ್ಟಡಿಯಿಂದ ತಪ್ಪಿಸಿಕೊಂಡವರಿಗೆ ಕೋಳ ಹಾಕಲು ಅವಕಾಶ ಕೊಟ್ಟಿದೆ. ಉಳಿದವರಿಗೆ ಹಾಕುವುದು, ಮೆರವಣಿಗೆ ಮಾಡುವುದು ತಪ್ಪು. ಚೆಕ್ ಬೌನ್ಸ್ ಪ್ರಕರಣದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ಹಾಕಿದ್ದಕ್ಕೆ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಲಾಕಪ್ಪಿನಲ್ಲಿ ಹೊಡೆದ್ರು. ಸಾಬೀತು ಮಾಡೋದು ಹೇಗೆ?

ಮೂರು ಕಡೆ ದಾಖಲೆ ಉಳಿಯುತ್ತದೆ: ವೈದ್ಯರ ಬಳಿ, ಮ್ಯಾಜಿಸ್ಟ್ರೇಟರ ಬಳಿ, ಕ್ಯಾಮೆರಾದಲ್ಲಿ. ಮೂರಕ್ಕೂ ಬೇರೆ ಬೇರೆ ಗಡುವು.

ದಸ್ತಗಿರಿಯಾದ ಕೂಡಲೇ ವೈದ್ಯಕೀಯ ತಪಾಸಣೆ ಆಗಬೇಕು. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಂತೆ ಕಸ್ಟಡಿಯಲ್ಲಿ ಇರುವಷ್ಟೂ ದಿನ 48 ಗಂಟೆಗೊಮ್ಮೆ ಆಗಬೇಕು. ವರದಿಯ ಪ್ರತಿ ಆಪಾದಿತನಿಗೆ ಸಿಗಬೇಕು. ಕೆಡುವುದು ಎಲ್ಲಿ ಎಂದರೆ, ಪೊಲೀಸರು ಪಕ್ಕದಲ್ಲೇ ನಿಂತಿರುವಾಗ ವೈದ್ಯರು "ಏನಾದ್ರೂ ತೊಂದ್ರೆ ಇದೆಯಾ" ಎಂದು ಕೇಳುತ್ತಾರೆ, ಹುಡುಗ ತಲೆ ತಗ್ಗಿಸಿ "ಇಲ್ಲ" ಎನ್ನುತ್ತಾನೆ, ಕಾಗದದ ಮೇಲೆ "ಹೊರ ಗಾಯಗಳಿಲ್ಲ" ಎಂದು ಬಂದುಬಿಡುತ್ತದೆ. ಅಂಗಾಲು, ಅಂಗೈಗೆ ಹೊಡೆದ ಪೆಟ್ಟು ಮೇಲ್ನೋಟಕ್ಕೆ ಕಾಣುವುದೂ ಕಡಿಮೆ. ಅಂಗಿ ಬಿಚ್ಚಿ ತೋರಿಸಬೇಕು, ಅಂಗಾಲು ತೋರಿಸಬೇಕು, ನಡೆಯುವಾಗ ನೋವಾಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಬಾಸುಂಡೆ ಮೊದಲು ಕೆಂಪಾಗಿ, ಆಮೇಲೆ ನೀಲಿಯಾಗಿ, ದಿನ ಕಳೆದಂತೆ ಹಸಿರು, ಹಳದಿಗೆ ತಿರುಗುತ್ತದೆ. ಆದ್ದರಿಂದ ಗಾಯದ ಪ್ರಮಾಣಪತ್ರದಲ್ಲಿ ಅಳತೆ, ಬಣ್ಣ, ಮೈಯ ಯಾವ ಭಾಗ ಎಂಬುದು ಇದ್ದರೆ ಯಾವ ದಿನದ ಪೆಟ್ಟು ಎಂದು ಅಂದಾಜು ಹೇಳಬಹುದು. ಬಿಡುಗಡೆಯಾದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಕಾನೂನು ಪ್ರಕರಣವೆಂದು ಆಸ್ಪತ್ರೆಯಲ್ಲಿ ಆಗುವ ದಾಖಲೆ) ಮಾಡಿಸಿ. ಮೈ ನೋವು ಕಡಿಮೆಯಾಗಲಿ ಎಂದು ಎರಡು ವಾರ ಬಿಟ್ಟು ಹೋದರೆ ಮೈಯೇ ಸಾಕ್ಷಿಯನ್ನು ಅಳಿಸಿಹಾಕಿರುತ್ತದೆ.

ಮ್ಯಾಜಿಸ್ಟ್ರೇಟರು "ಪೊಲೀಸರಿಂದ ತೊಂದರೆ ಆಯಿತೇ" ಎಂದು ಕೇಳುವುದು ವಾಡಿಕೆ. ಕೇಳದಿದ್ದರೂ ಹೇಳಬೇಕು. ವಕೀಲರು ಲಿಖಿತ ಮೆಮೊ ಹಾಕಿದರೆ ಅದು ಕಡತದಲ್ಲಿ ಕೂರುತ್ತದೆ.

ಕ್ಯಾಮೆರಾ ವಿಷಯಕ್ಕೆ ಬಂದರೆ, ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್ಪು, ಓಣಿ, ಇನ್‌ಸ್ಪೆಕ್ಟರ್ ಕೊಠಡಿ, ಶೌಚಾಲಯದ ಹೊರಭಾಗ ಎಲ್ಲ ಕಡೆ ದನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಇಡಬೇಕು ಎಂದಿದೆ. ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲ. ವಾಸ್ತವದಲ್ಲಿ "ಡಿವಿಆರ್ (ದೃಶ್ಯ ದಾಖಲಿಸುವ ಯಂತ್ರ) ಕೆಟ್ಟಿತ್ತು" ಎಂಬ ಉತ್ತರ ಬರುತ್ತದೆ. ಹಾಗಾಗಿ ಒಂದು ವಾರದೊಳಗೇ ದಿನಾಂಕ, ಸಮಯ, ಕ್ಯಾಮೆರಾ ಇರುವ ಜಾಗ ಹೆಸರಿಸಿ "ದೃಶ್ಯವನ್ನು ಅಳಿಸದೆ ಕಾಯ್ದಿಡಿ" ಎಂದು ಎಸ್‌ಪಿಗೆ ಬರೆಯಿರಿ, ಮ್ಯಾಜಿಸ್ಟ್ರೇಟರಲ್ಲೂ ಅರ್ಜಿ ಹಾಕಿ. ಕೇಳಿದ ಮೇಲೂ ಅಳಿಸಿದರೆ ಅದಕ್ಕೆ ಅವರೇ ಜವಾಬು ಕೊಡಬೇಕಾಗುತ್ತದೆ.

ತಪ್ಪೊಪ್ಪಿಗೆ ಪಡೆಯಲು ಹೊಡೆದರೆ ಬಿಎನ್‌ಎಸ್ 120ರಡಿ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಆದರೂ ಹೊಡೆಯುವುದು ನಿಂತಿಲ್ಲ, ಏಕೆಂದರೆ ಬೆರಳಚ್ಚು, ಕರೆ ವಿವರ ಕೂಡಿಸಿ ತನಿಖೆ ಮಾಡುವುದಕ್ಕೆ ವಾರಗಟ್ಟಲೆ ಬೇಕು, ಲಾಠಿಗೆ ಅರ್ಧ ಗಂಟೆ ಸಾಕು. ಸುಳ್ಳು ಆಪಾದಿತರು ಹುಟ್ಟುವುದೂ ಆ ಅರ್ಧ ಗಂಟೆಯಲ್ಲೇ.

ಕೇಸ್ ಮಾಡೋಕೆ ದುಡ್ಡು ಕೇಳ್ತಿದಾರೆ. ಕೊಟ್ರೂ ತಪ್ಪು, ಕೊಡದಿದ್ರೂ ಕಷ್ಟ.

ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಈ ಅಧಿಕಾರ ಮತ್ತೆ ಅವರಿಗೇ ಬಂದಿದೆ. ಬೇಡಿಕೆಯ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡಿದ್ದರೆ ಕೆಲಸ ಅರ್ಧ ಆದಂತೆ. ಲಂಚ ಕೇಳಿದವರನ್ನು ಹಿಡಿಯುವ ಬಲೆಗೆ ಬೇಕಾದ ನೋಟುಗಳನ್ನು ಸಾಮಾನ್ಯವಾಗಿ ದೂರುದಾರರೇ ತರುತ್ತಾರೆ. ನೋಟಿನ ಸಂಖ್ಯೆ ಬರೆದುಕೊಂಡು, ಪಂಚರ (ಸಾಕ್ಷಿಗಳ) ಎದುರು ಫಿನಾಲ್ಫ್ಥಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಅದನ್ನು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಣ ಕೊಡುವಾಗ ನೀವಾಗಿ ಜೇಬಿಗೆ ತುರುಕಬೇಡಿ. ಅವರು ಕೇಳಿ, ಅವರೇ ಕೈಯಾರೆ ಪಡೆಯಬೇಕು. ಬೇಡಿಕೆ ಸಾಬೀತಾಗದೆ ಬಿದ್ದುಹೋದ ಪ್ರಕರಣಗಳು ಎಷ್ಟೋ ಇವೆ.

ಬಲವಂತಕ್ಕೆ ಸಿಕ್ಕಿ ಕೊಟ್ಟಾಗಿದ್ದರೆ 7 ದಿನದೊಳಗೆ ದೂರು ಕೊಡಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರಿಗೂ ಶಿಕ್ಷೆ ಇದೆ, ಈ 7 ದಿನವೇ ರಕ್ಷಣೆ.

## ಲಾಠಿ, ಗುಂಡು, ತುಕಡಿ

ಕೆಎಸ್‌ಆರ್‌ಪಿ, ಡಿಎಆರ್, ಆರ್‌ಎಎಫ್, ಎಲ್ಲ ಒಂದೇನಾ?

ಠಾಣೆಯಲ್ಲಿರುವವರು ಸಿವಿಲ್ ಪೊಲೀಸರು. ತನಿಖೆ, ದೂರು, ಬೀಟು (ಬೀದಿ ಗಸ್ತು) ಅವರದು. ಡಿಎಆರ್ ಎಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಕಮಿಷನರೇಟ್ ಇರುವಲ್ಲಿ ಸಿಎಆರ್. ಕೈದಿಗಳ ಬೆಂಗಾವಲು, ಬಂದೋಬಸ್ತು ಅವರದು. ಕೆಎಸ್‌ಆರ್‌ಪಿ ರಾಜ್ಯದ ಮೀಸಲು ಪಡೆ, ಮೈಸೂರು, ಬೆಳಗಾವಿ, ಕಲಬುರಗಿ, ಶಿಗ್ಗಾವಿ, ಹಾಸನ ಮುಂತಾದ ಕಡೆ ಅದರ ಪಡೆಗಳಿವೆ. ಆರ್‌ಎಎಫ್ ಕೇಂದ್ರದ ಸಿಆರ್‌ಪಿಎಫ್‌ನ ಗಲಭೆ ನಿಗ್ರಹ ವಿಭಾಗ, 1992ರಲ್ಲಿ ಆರಂಭವಾದದ್ದು. ಅದರ 97ನೇ ಬೆಟಾಲಿಯನ್ ಭದ್ರಾವತಿಯಲ್ಲಿದೆ. ಈ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ದೂರಿನಲ್ಲಿ "ಪೊಲೀಸರು ಹೊಡೆದರು" ಎಂದಷ್ಟೇ ಬರೆದರೆ ಠಾಣೆಯವರು "ಅವರು ನಮ್ಮವರಲ್ಲ, ಹೊರಗಿನ ತುಕಡಿ" ಎಂದು ಕೈತೊಳೆದುಕೊಳ್ಳುತ್ತಾರೆ. ಎದೆಗವಚ ತೊಟ್ಟಾಗ ಹೆಸರಪಟ್ಟಿ ಅದರಡಿ ಮುಚ್ಚಿಹೋಗುತ್ತದೆ. ಆಗ ಭುಜದ ಮೇಲಿನ ಪಡೆಯ ಗುರುತು, ವ್ಯಾನಿನ ಸಂಖ್ಯೆ ನೋಡಿಟ್ಟುಕೊಳ್ಳಿ.

ಪೊಲೀಸರು ಮಿಲಿಟರಿ ಥರ ಆಗ್ತಿದಾರೆ ಅಂತಾರಲ್ಲ. ಅದು ಅಮೆರಿಕದ ಮಾತಲ್ವಾ?

ಆ ಪದ ಅಲ್ಲಿ ಬಳಕೆಗೆ ಬಂದದ್ದು ನಿಜ. ಲಾಸ್ ಏಂಜಲಿಸ್ ಪೊಲೀಸರು 1960ರ ದಶಕದಲ್ಲಿ ಸ್ವಾಟ್ ಎಂಬ ಸಶಸ್ತ್ರ ವಿಶೇಷ ತಂಡ ಕಟ್ಟಿದರು. 1997ರಿಂದ 1033 ಎಂಬ ಯೋಜನೆಯಡಿ ಸೈನ್ಯ ಬಳಸಿ ಬಿಟ್ಟ ರೈಫಲ್, ನೆಲಬಾಂಬ್ ತಡೆಯುವ ಭಾರಿ ವಾಹನಗಳು ಊರೂರಿನ ಪೊಲೀಸರಿಗೆ ಹೋದವು. 2014ರಲ್ಲಿ ಫರ್ಗ್ಯುಸನ್ ಎಂಬ ಸಣ್ಣ ಊರಿನ ಬೀದಿಯಲ್ಲಿ ಕವಚ ತೊಟ್ಟ ವಾಹನಗಳ ಮೇಲಿಂದ ಜನರತ್ತ ಬಂದೂಕು ತಿರುಗಿದ ಚಿತ್ರ ಜಗತ್ತೇ ನೋಡಿತು. ಒಬಾಮ 2015ರಲ್ಲಿ ಹಾಕಿದ ಮಿತಿಯನ್ನು ಟ್ರಂಪ್ 2017ರಲ್ಲಿ ತೆಗೆದರು. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ವರ್ಷ 2020ರಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಪೊಲೀಸರ ಮೇಲೆ ಭರವಸೆ ಇದೆ ಎಂದವರು 48%ಕ್ಕೆ, 2023ರಲ್ಲಿ 43%ಕ್ಕೆ ಇಳಿದರು.

ನಮ್ಮ ಕತೆ ಬೇರೆ. ಅಲ್ಲಿ ನಾಗರಿಕ ಪೊಲೀಸರ ಕೈಗೆ ಸೈನ್ಯದ ಸಾಮಾನು ಬಂತು. ಇಲ್ಲಿ ಪೊಲೀಸ್ ಹುಟ್ಟಿದ್ದೇ ಪಡೆಯಾಗಿ, ಅದನ್ನು ನಾಗರಿಕ ಸೇವೆ ಮಾಡುವ ಕೆಲಸ ಅರ್ಧಕ್ಕೆ ನಿಂತಿದೆ. ಕಾಶ್ಮೀರದಲ್ಲಿ 2010ರಿಂದ ಪೆಲೆಟ್ ಬಂದೂಕು ಎಷ್ಟೋ ಎಳೆಯರ ಕಣ್ಣು ತೆಗೆಯಿತು. 2024ರ ಫೆಬ್ರುವರಿಯಲ್ಲಿ ಶಂಭು ಗಡಿಯಲ್ಲಿ ರೈತರ ಮೇಲೆ ಡ್ರೋನ್‌ನಿಂದ ಅಶ್ರುವಾಯು ಸುರಿಯಿತು. ಕರ್ನಾಟಕದಲ್ಲಿ ನಕ್ಸಲರು 2025ರ ಜನವರಿಯಲ್ಲಿ ಶರಣಾದ ಮೇಲೆ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯಿಂದಲೇ ಕರಾವಳಿ, ಶಿವಮೊಗ್ಗಕ್ಕೆ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆ ಕಟ್ಟಲಾಯಿತು. ಕೋಮು ಕೊಲೆಗಳನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನಲ್ಲಿ ಶತ್ರುವನ್ನು ಹುಡುಕಲು ಪಳಗಿದವರಿಗೆ ಪೇಟೆಯಲ್ಲಿ ನೆರೆಹೊರೆಯವರ ಜತೆ ಕೆಲಸ ಮಾಡುವ ತರಬೇತಿ ಹೊಸದಾಗಿ ಕೊಡಬೇಕು. ಬಲಕ್ಕೆ ಬಲ ಸೇರಿಸುವುದು ಸುಲಭ. ಮಾಹಿತಿ ಕೊಡಲು ಮುಂದೆ ಬರುವ ಜನ ಸಿಗುವುದು ಕಷ್ಟ, ಕೊಲೆಗಾರರನ್ನು ಹಿಡಿಸುವುದು ಅವರೇ.

ಲಾಠಿ ಚಾರ್ಜ್ ಮಾಡಿ ಅಂತ ಯಾರು ಬೇಕಾದ್ರೂ ಆರ್ಡರ್ ಕೊಡಬಹುದಾ?

ಇಲ್ಲ. ಬಿಎನ್‌ಎಸ್‌ಎಸ್ 148ರಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಅವರಿಲ್ಲದಾಗ ಪಿಎಸ್‌ಐಗೆ ಕಡಿಮೆಯಿಲ್ಲದ ಅಧಿಕಾರಿ ಮಾತ್ರ ಚದುರುವಂತೆ ಆಜ್ಞೆ ಕೊಡಬಹುದು. ಮೊದಲು ಧ್ವನಿವರ್ಧಕದಲ್ಲಿ, ಜನರಿಗೆ ತಿಳಿಯುವ ಭಾಷೆಯಲ್ಲಿ ಎಚ್ಚರಿಕೆ. ಹೋಗಲು ದಾರಿಯನ್ನೂ ಹೊತ್ತನ್ನೂ ಬಿಡಬೇಕು. ಎರಡೂ ಕಡೆ ಬ್ಯಾರಿಕೇಡ್ ಹಾಕಿ "ಹೋಗಿ" ಎಂದರೆ ಜನ ಎಲ್ಲಿಗೆ ಹೋಗಬೇಕು? ಎಷ್ಟೋ ಲಾಠಿ ಪ್ರಹಾರಗಳು ಹದ ತಪ್ಪುವುದು ಇಲ್ಲೇ. ಲಾಠಿ ಸೊಂಟದ ಕೆಳಗೆ ಬೀಳಬೇಕು, ತಲೆಗೆ ಅಲ್ಲ. ಜನ ಓಡತೊಡಗಿದ ಮೇಲೆ ನಿಲ್ಲಬೇಕು. 2016ರ ಜುಲೈನಲ್ಲಿ ಮಹದಾಯಿ ಹೋರಾಟದ ಹೊತ್ತು ನವಲಗುಂದ ತಾಲೂಕಿನ ಯಮನೂರಿನಲ್ಲಿ ಮನೆಯೊಳಗೆ ನುಗ್ಗಿ ಮುದುಕರು, ಹೆಂಗಸರೆನ್ನದೆ ಹೊಡೆದದ್ದನ್ನು ಚದುರಿಸುವುದು ಎನ್ನಲಾಗದು. ಅದು ಸೇಡು.

ಪ್ರತಿಭಟನೆಗೆ ಹೋಗ್ತಿದೀವಿ. ಅಶ್ರುವಾಯು ಬಿಟ್ರೆ?

ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಡಿ, ಮುಖಕ್ಕೆ ಎಣ್ಣೆ, ಕ್ರೀಮು ಬೇಡ, ಅವುಗಳಿಗೆ ಆ ಪುಡಿ ಅಂಟಿಕೊಳ್ಳುತ್ತದೆ. ಶೆಲ್ಲನ್ನು ಕೈಯಲ್ಲಿ ಮುಟ್ಟಬೇಡಿ, ಸುಡುತ್ತಿರುತ್ತದೆ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ದೂರ ನಡೆಯಿರಿ. ಕಣ್ಣು ಉಜ್ಜದೆ ಚೊಕ್ಕ ನೀರಿನಲ್ಲಿ 10ರಿಂದ 15 ನಿಮಿಷ ತೊಳೆಯಿರಿ. ಉಬ್ಬಸ ಇರುವವರು ಮುಂದಿನ ಸಾಲಿನಲ್ಲಿ ನಿಲ್ಲಬಾರದು. ವಕೀಲರ ಫೋನ್ ಸಂಖ್ಯೆಯನ್ನು ಮೊಬೈಲಿನಲ್ಲಲ್ಲ, ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ.

ಗೋಲಿಬಾರ್‌ನಲ್ಲಿ ಸತ್ತವರಿಗೆ ನ್ಯಾಯ ಸಿಕ್ಕಿದ್ದುಂಟಾ?

ನರಗುಂದದಲ್ಲಿ 1980ರ ಜುಲೈ 21ರಂದು ರೈತರ ಮೇಲೆ ಗುಂಡು ಹಾರಿತು. ಅಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ದಿನವನ್ನು ರೈತರು ಇಂದಿಗೂ ಹುತಾತ್ಮ ದಿನವೆಂದು ನೆನೆಯುತ್ತಾರೆ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ, 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ, 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಗುಂಡು ಹಾರಿತು. ಪ್ರತಿ ಸಲವೂ ಪರಿಹಾರದ ಮಾತು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆದವು. ಗುಂಡು ಹಾರಿಸಿದವರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು, ದಾರಿ ಅಲ್ಲಿ ಕಿರಿದಾಗುತ್ತದೆ.

ಕುಟುಂಬದವರು ಮಾಡಬಹುದಾದ್ದು ಇಷ್ಟು: ಮರಣೋತ್ತರ ಪರೀಕ್ಷೆಯ ವಿಡಿಯೊ ದಾಖಲಾತಿಗೆ ಲಿಖಿತವಾಗಿ ಕೇಳಿ, ವರದಿಯಲ್ಲಿ ಗುಂಡು ಹೊಕ್ಕ ಜಾಗ ಮುಂದೋ ಬೆನ್ನೋ ಎಂಬುದನ್ನು ಓದಿಸಿ ತಿಳಿಯಿರಿ, ಮ್ಯಾಜಿಸ್ಟ್ರೇಟ್ ವಿಚಾರಣೆಯ ಪ್ರಕಟಣೆ ಬಂದಾಗ ಗಡುವಿನೊಳಗೆ ಪ್ರಮಾಣಪತ್ರ ಸಲ್ಲಿಸಿ. ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಜನ ನೋಡುವುದಿಲ್ಲ, ಪೊಲೀಸರ ಹೇಳಿಕೆಗಳಷ್ಟೇ ಕಡತದಲ್ಲಿ ಉಳಿಯುತ್ತವೆ. ಕಸ್ಟಡಿ ಸಾವಾದರೆ ವಿಚಾರಣೆ ನಡೆಸಬೇಕಾದ್ದು ತಹಶೀಲ್ದಾರರಲ್ಲ, ನ್ಯಾಯಾಂಗದ ಮ್ಯಾಜಿಸ್ಟ್ರೇಟರು.

## ಹೊಣೆ ಯಾರದು

ಪೊಲೀಸರ ಮೇಲಿನ ದೂರನ್ನ ಪೊಲೀಸರಿಗೇ ಕೊಡಬೇಕಾ?

ಬೇಡ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ನಿರ್ದೇಶನಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರ ಒಂದು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆ ತಿದ್ದಿ ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳಿಗೆ ಜಾಗ ಮಾಡಿತು. ಕಸ್ಟಡಿ ಸಾವು, ತೀವ್ರ ಗಾಯ, ಕಸ್ಟಡಿಯಲ್ಲಿ ಅತ್ಯಾಚಾರದಂಥ ಗಂಭೀರ ದುರ್ನಡತೆಯ ದೂರುಗಳು ಇಲ್ಲಿಗೆ ಸೇರುತ್ತವೆ. "ಒರಟಾಗಿ ಮಾತಾಡಿದರು" ಎಂಬ ದೂರು ಇಲ್ಲಿ ನಿಲ್ಲದು, ಅದನ್ನು ಎಸ್‌ಪಿಗೆ ಕೊಡಿ.

ಮಾನವ ಹಕ್ಕು ಆಯೋಗಕ್ಕೂ ಬರೆಯಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆಯಾಗಿ ಒಂದು ವರ್ಷ ಮೀರಿದರೆ ತೆಗೆದುಕೊಳ್ಳುವುದಿಲ್ಲ. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎರಡಕ್ಕೂ ಒಟ್ಟಿಗೆ ಹಾಕಬೇಡಿ. ಒಂದು ಕಡೆ ಬಾಕಿ ಇದೆ ಎಂದು ಇನ್ನೊಂದು ಕಡೆ ಮುಚ್ಚುತ್ತಾರೆ. ಆಯೋಗ ಶಿಫಾರಸು ಮಾಡುತ್ತದೆ, ಶಿಕ್ಷೆ ಕೊಡುವುದಿಲ್ಲ, ಹಾಗಾಗಿ ಕ್ರಿಮಿನಲ್ ದೂರಿನ ದಾರಿಯನ್ನು ಬಿಡಬಾರದು.

ಠಾಣೆಯೊಳಗೆ ವಿಡಿಯೊ ಮಾಡಿದ್ರೆ ಕೇಸ್ ಹಾಕ್ತಾರಂತೆ?

ಅಧಿಕೃತ ರಹಸ್ಯ ಕಾಯ್ದೆ ಹಾಕುತ್ತೇವೆ ಎಂದು ಹೆದರಿಸುವುದುಂಟು. ಠಾಣೆ ಆ ಕಾಯ್ದೆಯ "ನಿಷೇಧಿತ ಸ್ಥಳ" ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಕರ್ನಾಟಕದ ಕೋರ್ಟುಗಳು ಅದನ್ನು ಪಾಲಿಸಲೇಬೇಕೆಂದಿಲ್ಲ, ಆದರೆ ವಾದಕ್ಕೆ ಬಲವಿದೆ. ಸಂತ್ರಸ್ತೆಯರ, ಮಕ್ಕಳ ಮುಖ ಬರದಂತೆ ನೋಡಿಕೊಳ್ಳಿ. ಅದು ಬಂದರೆ ತಪ್ಪು ನಿಮ್ಮದಾಗುತ್ತದೆ.

ಅತ್ಯಾಚಾರಿಗಳನ್ನ ಎನ್‌ಕೌಂಟರ್ ಮಾಡಿದ್ರೆ ತಪ್ಪೇನು? ಕೋರ್ಟಲ್ಲಿ ಇಪ್ಪತ್ತು ವರ್ಷ ಆಗುತ್ತಲ್ಲ?

ಸಂಕಟದಿಂದ ಬರುವ ಪ್ರಶ್ನೆ ಇದು, ಕೇಳುವವರನ್ನು ಬೈಯಲು ಮನಸ್ಸಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸನ್ನು ಕೊಂದ ಆರೋಪಿ ಪೊಲೀಸರ ಗುಂಡಿಗೆ ಸತ್ತಾಗ ಜನ ಜೈಕಾರ ಹಾಕಿದರು. ಪೊಲೀಸರ ಮೇಲಿನ ನಂಬಿಕೆ ಅಷ್ಟಿದೆ ಎಂದು ಅದನ್ನು ಓದಿದವರಿದ್ದಾರೆ. ನಮಗೆ ಕಂಡದ್ದು ತನಿಖೆಯ ಮೇಲೂ ಕೋರ್ಟಿನ ಮೇಲೂ ಉಳಿಯದ ನಂಬಿಕೆ.

ಹೈದರಾಬಾದಿನ ಹೊರವಲಯದಲ್ಲಿ 2019ರ ಡಿಸೆಂಬರ್‌ನಲ್ಲಿ ನಾಲ್ವರು ಆರೋಪಿಗಳು ಗುಂಡಿಗೆ ಸತ್ತಾಗಲೂ ಹೂಮಳೆಯಾಗಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು ಎಂದು 2022ರಲ್ಲಿ ಹೇಳಿತು. ಸತ್ತವರೇ ನಿಜವಾದ ಅಪರಾಧಿಗಳೇ ಎಂದು ಇನ್ನು ಯಾವ ಕೋರ್ಟೂ ಪರೀಕ್ಷಿಸಲಾರದು. ತಪ್ಪು ಮನುಷ್ಯ ಸತ್ತಿದ್ದರೆ ನಿಜವಾದ ಹಂತಕ ಹೊರಗಿದ್ದಾನೆ, ಅವನನ್ನು ಹುಡುಕುವ ಕಡತ ಮುಚ್ಚಿದೆ. ಸುಪ್ರೀಂ ಕೋರ್ಟಿನ 2014ರ ಪಿಯುಸಿಎಲ್ ತೀರ್ಪಿನಂತೆ ಪ್ರತಿ ಎನ್‌ಕೌಂಟರ್ ಸಾವಿಗೂ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆ ತನಿಖೆ ಮಾಡಬೇಕು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡಕೂಡದು.

ಪೊಲೀಸರೂ ಮನುಷ್ಯರೇ ಅಲ್ವಾ? ಅವರ ಕಷ್ಟ ಯಾರು ಕೇಳ್ತಾರೆ?

ಕೇಳಲೇಬೇಕು. ರಜೆಯಿಲ್ಲ, ಹೊತ್ತಿಲ್ಲ, ಗಣಪತಿ ಹಬ್ಬದಿಂದ ಚುನಾವಣೆವರೆಗೆ ಬಂದೋಬಸ್ತು, ಸಾಹೇಬರ ಮನೆಯಲ್ಲಿ ಆರ್ಡರ್ಲಿ ಕೆಲಸ. 2016ರ ಜೂನ್ 4ರಂದು ರಾಜ್ಯದ ಪೇದೆಗಳು ಸಾಮೂಹಿಕ ರಜೆಗೆ ಹೊರಟದ್ದು ಇದಕ್ಕೇ. ಆಮೇಲೆ ಔರಾದ್ಕರ್ ಸಮಿತಿಯ ವರದಿ ಬಂದು ಸಂಬಳ ಸ್ವಲ್ಪ ಸುಧಾರಿಸಿತು. ಪೇದೆಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ 2025ರಲ್ಲಿ ನೀಲಿ ಪೀಕ್ ಕ್ಯಾಪ್ ಬಂತು. ಒಳ್ಳೆಯದೇ. ಆದರೆ ನಿದ್ದೆಗೆಟ್ಟು ಹದಿನಾರನೇ ಗಂಟೆಯ ಕೆಲಸದಲ್ಲಿರುವ ಪೇದೆಯ ಮುಂದೆ ದೂರು ಹಿಡಿದು ನಿಂತವರಿಗೆ ಸಿಗುವುದು ಟೋಪಿಯ ಬಣ್ಣವಲ್ಲ, ಆ ನಿದ್ದೆಗೇಡಿನ ಸಿಟ್ಟು. ಪಾಳಿ ಎಂಟು ಗಂಟೆಗೆ ಇಳಿಯಲಿ ಎಂದು ಕೇಳುವುದು ಜನರ ಬೇಡಿಕೆಯೂ ಆಗಬೇಕು.

ನಮ್ಮೂರ ಠಾಣೆ ಸರಿಹೋಗ್ಬೇಕು. ಒಬ್ಬನೇ ಕೂತು ಏನು ಮಾಡಬಹುದು?

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. "ಯಾಕೆ ಸರಿಯಿಲ್ಲ" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಬೇಕು. ಹೀಗೆ ಬರೆಯಿರಿ: "ಈ ಠಾಣೆಯಲ್ಲಿ ಅಳವಡಿಸಿರುವ ಸಿಸಿಟಿವಿಗಳ ಸಂಖ್ಯೆ, ಅವು ಇರುವ ಜಾಗ, ಇಂದಿಗೆ ಕೆಲಸ ಮಾಡುತ್ತಿರುವವು ಎಷ್ಟು, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಕಳೆದ 12 ತಿಂಗಳ ದುರಸ್ತಿ ದಾಖಲೆಗಳ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು ಸುಲಭದ ಕೆಲಸ. 2025ರ ಜುಲೈನಲ್ಲಿ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮ ಶುರುವಾಗಿ, ಪ್ರತಿ ಬೀಟನ್ನು 40–50 ಮನೆಗಳ ಗುಂಪುಗಳಾಗಿ ಹಂಚಿದ್ದಾರೆ. ನಿಮ್ಮ ಗುಂಪಿನ ಪೇದೆಯ ಹೆಸರು, ಫೋನ್ ಸಂಖ್ಯೆ ಠಾಣೆಯಲ್ಲಿ ಕೇಳಿ ಬರೆದು ಬೀದಿಯ ಅಂಗಡಿಯಲ್ಲಿ ಅಂಟಿಸಿ. ಅವರು ಮನೆಗೆ ಬಂದಾಗ ಬೀದಿದೀಪ, ಗಾಂಜಾ ಮಾರುವ ಮೂಲೆ, ಒಂಟಿ ಮುದುಕಿಯ ಮನೆ ಯಾವುದು ಎಂದು ಹೇಳಿ, ಪುಸ್ತಕದಲ್ಲಿ ಬರೆಸಿ, ದಿನಾಂಕ ನೀವೂ ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದರೂ ಯಾರೂ ಬರದಿದ್ದರೆ ಮುಂದಿನ 150 ಪದದ ಅರ್ಜಿ ಆ ಬೀಟ್ ಪುಸ್ತಕದ ಬಗ್ಗೆ.